ರೂಮಿನಲ್ಲಿದ್ದವರು

"ನೀನು ರೂಮಿನೊಳಗೆ ಬಂದಿರ್ಲಿಲ್ಲ, ಹೊಸ್ತಿಲ ಮೇಲೆ ನಿಂತಿದ್ದೆ. ಅಷ್ಟು ಒಪ್ಕೋ ಸಾಕು, ಡೀನಾ," ಎಂದ ಕೋಲ್ಬಿ ಪ್ರೂಯಿಟ್.

ಡೀನಾ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ತನ್ನ ಅಂಗಡಿಗೆ ಆಗಷ್ಟೇ ಬೀಗ ಹಾಕಿ ಬಂದಿದ್ದಳು. ಏಪ್ರನ್ ತುಂಬ ಯಾರದೋ ಪೂಡಲ್‌ನ ಬಿಳಿ ಕೂದಲು. ಪಾರ್ಕಿಂಗ್ ಜಾಗದಲ್ಲಿ ತನ್ನ ಕಾರಿಗೆ ಅಡ್ಡ ನಿಂತ ಮಾಜಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಡಿವೋರ್ಸ್ ಆಗಿ ವರ್ಷ ಆದ್ಮೇಲೆ ನಾನೆಲ್ಲಿ ನಿಂತಿದ್ದೆ ಅನ್ನೋದು ನೆನಪಾಯ್ತಾ?"

ಅಮೆರಿಕದ ಹಾಡುಗಾರರ ಊರಾದ ನ್ಯಾಶ್‌ವಿಲ್‌ನಲ್ಲಿ ಹಾಡು ಕಟ್ಟುವವರಿಗೆ ಒಂದು ಕಟ್ಟಳೆ ಇದೆ. ಹಾಡು ಹುಟ್ಟುವಾಗ ರೂಮಿನಲ್ಲಿ ಯಾರಿದ್ದರೋ ಅವರೆಲ್ಲರ ಹೆಸರೂ ಹಾಡಿನ ಮೇಲೆ ಬರಬೇಕು. ಒಂದು ಪದ ಕೊಟ್ಟವನಾಗಲಿ, ಇಡೀ ಹಾಡು ಕೊಟ್ಟವನಾಗಲಿ, ಎಲ್ಲರೂ ಸಮ. ಕೋಲ್ಬಿಯ ಅದೃಷ್ಟ ಖುಲಾಯಿಸಿದ್ದೇ ಇದರಿಂದ. ದೇಶವೆಲ್ಲ ಕುಣಿದ ಅವನ ಮೊದಲ ಹಾಡು ಹುಟ್ಟುವಾಗ ಅವನು ಮೂಲೆಯ ಸೋಫಾದಲ್ಲಿ ಕೂತು ಖಾರದ ಕೋಳಿ ತಿನ್ನುತ್ತಿದ್ದ. ಆಮೇಲೆ ಕೆಲಸ ಕಲಿತ, ಬರೆದ, ದೊಡ್ಡ ದೊಡ್ಡ ಗಾಯಕಿಯರ ರೆಕಾರ್ಡುಗಳನ್ನು ಪ್ರೊಡ್ಯೂಸ್ ಮಾಡಿದ, ಗೋಡೆ ತುಂಬ ಪ್ರಶಸ್ತಿ ನೇತುಹಾಕಿದ. ಆದರೂ ಊರವರ ಬಾಯಿಗೆ ಬೀಗ ಬೀಳಲಿಲ್ಲ. "ಅವನೇನು ಮಾಡ್ದ? ರೂಮಲ್ಲಿದ್ದ, ಅಷ್ಟೇ" ಎಂಬುದು ನಿಲ್ಲಲಿಲ್ಲ. ಅದನ್ನು ನಿಲ್ಲಿಸಲೆಂದೇ ಈಗ ಸ್ವಂತ ಆಲ್ಬಂ. ಬರೆದದ್ದು, ಹಾಡಿದ್ದು, ಗಿಟಾರು, ಡ್ರಮ್ಸು ಎಲ್ಲ ಅವನೊಬ್ಬನೇ. ಹೆಸರೂ ಒಂದೇ ಇರಬೇಕು.

"ಅವತ್ತು ನಾನು ಬಂದಿದ್ದು ನಮ್ಮಜ್ಜಿಯ ಕಬ್ಬಿಣದ ಬಾಣಲೆ ತಗೊಂಡು ಹೋಗೋಕೆ," ಎಂದಳು ಡೀನಾ. "ನೀನು ರೆಕಾರ್ಡಿಂಗ್ ರೂಮ್ ಮಾಡ್ಕೊಂಡಿರೋ ಗ್ಯಾರೇಜಲ್ಲಿ ಅದನ್ನ ಮೈಕ್ ಮುಂದೆ ಇಟ್ಕೊಂಡು ಚಮಚದಲ್ಲಿ ಬಾರಿಸ್ತಾ ಕೂತಿದ್ದೆ."

"ಹೌದು. ಆಗ ನೀನೊಂದು ಮಾತು ಅಂದೆ."

"ಹತ್ತು ಅಂದೆ. ಅದರಲ್ಲಿ ಯಾವುದು?"

ಕೋಲ್ಬಿ ಗಂಟಲು ಸರಿಮಾಡಿಕೊಂಡ. "'ನೀನಿದ್ದಾಗಲೇ ಈ ಮನೆ ಹೆಚ್ಚು ಖಾಲಿ ಇರ್ತಿತ್ತು' ಅಂತ. ಅದು ಹಾಡಲ್ಲಿ ಬಂದಿದೆ. ಬಂದಿದೆ ಏನು, ಹಾಡೇ ಅದು. ಮೈಕ್ ಆನ್ ಇತ್ತು, ನಿನ್ನ ದನಿ ಟೇಪಲ್ಲಿದೆ. ರೆಕಾರ್ಡ್ ಕಂಪನಿಯ ರಾಯ್ಸ್ ಕೇಳಿಸ್ಕೊಂಡ. 'ರೂಮಲ್ಲಿ ಇನ್ನೊಬ್ಬರಿದಾರೆ, ಹೆಸರು ಹಾಕು. ಇಲ್ಲಾಂದ್ರೆ, ಒಳಗಿರ್ಲಿಲ್ಲ ಅಂತ ಅವಳ ಬಾಯಿಂದ್ಲೇ ಹೇಳಿಸು' ಅಂತ ಪಟ್ಟು ಹಿಡಿದಿದಾನೆ. ನಾಳೆ ಆಲ್ಬಂ ಕವರು ಪ್ರಿಂಟಿಗೆ ಹೋಗತ್ತೆ."

"ಹಾಡು ಹಾಕು, ಕೇಳ್ತೀನಿ."

ಅವನು ಫೋನನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ಹಾಡು ಹಚ್ಚಿದ. ಒಳ್ಳೆಯ ಹಾಡು, ಅದಕ್ಕೆ ಎರಡು ಮಾತಿಲ್ಲ. ಹೆಂಡತಿ ಬಿಟ್ಟುಹೋದ ಗಂಡಸೊಬ್ಬ ಅಡುಗೆಮನೆಯಲ್ಲಿ ಒಬ್ಬನೇ ಕೂತು ಅವಳಿಗೆ ಆ ಮಾತು ಹೇಳುತ್ತಾನೆ. ಕೇಳಿದವರು ಅವನ ಪರವಾಗಿ ಅತ್ತೇ ಅಳುತ್ತಾರೆ.

"ಒಂದು ನಿಮಿಷ," ಎಂದಳು ಡೀನಾ. "ಅದು ನಾನು ನಿನಗೆ ಅಂದಿದ್ದು. ಇಲ್ಲಿ ನೀನು ನನಗೆ ಅಂತಿದೀಯಲ್ಲೋ!"

"ಹಾಡೋನು ನಾನಲ್ವಾ, ಚಿನ್ನ. ಸ್ವಲ್ಪ ತಿರುಗಿಸ್ಕೋಬೇಕಾಗತ್ತೆ. ಕಸುಬೇ ಹಂಗೆ."

"ಆ ಬಾಣಲೆ ತಿರುಗಿಸಿ ನಿನಗೊಂದು ಕೊಡಬೇಕಿತ್ತು ಅವತ್ತು."

ಕೋಲ್ಬಿ ನಗಲಿಲ್ಲ. "ಇಪ್ಪತ್ತು ವರ್ಷ ಬೇರೆಯವರ ಪಕ್ಕದಲ್ಲಿ ಕೂತಿದೀನಿ, ಡೀನಾ. ನಾನು ಬರೆದ ಹಾಡಿಗೂ ನನ್ನ ನಂಬೋರಿಲ್ಲ. ಒಂದೇ ಒಂದ್ಸಲ, ಇದು ಇವನೊಬ್ಬನದೇ ಅಂತ ಜನ ಅನ್ಲಿ. ನಿನ್ನ ಹೆಸರು ಬಂದ್ರೆ ಅದೂ ಹೋಯ್ತು." ದನಿ ನಡುಗಿತು. ನಾಟಕವಲ್ಲ ಎಂದು ಅವಳಿಗೆ ಗೊತ್ತಾಯಿತು. ಅಯ್ಯೋ ಪಾಪ ಅನಿಸಿತು, ಅನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

"ರಾಯ್ಸ್‌ಗೆ ಫೋನ್ ಹಚ್ಚು."

ಕೋಲ್ಬಿ ಹಚ್ಚಿ ಕೊಟ್ಟ. "ಡೀನಾ ಮಾತಾಡ್ತಿದೀನಿ. ಇಲ್ಲಪ್ಪ, ರೂಮಿನೊಳಗೆ ಕಾಲಿಡ್ಲಿಲ್ಲ," ಎಂದಳು. "ಒಳಗೆ ಬಾ ಅಂತ ಯಾರು ಕರೆದಿದ್ರು?" ಫೋನು ಅವನ ಕೈಗೆ ಹಿಂತಿರುಗಿಸಿ ಕಾರು ಹತ್ತಿದಳು.

"ನಿನ್ನ ಉಪಕಾರ ಮರೆಯಲ್ಲ," ಎಂದು ಅವನು ಕಿಟಕಿಗೆ ಬಗ್ಗಿದ.

"ಮರೆತ್ರೂ ಪರವಾಗಿಲ್ಲ. ಎಲ್ಲಾ ನಾನೊಬ್ಬನೇ ಮಾಡಿದ್ದು ಅಂತ ದೊಡ್ಡದಾಗಿ ಬರೆಸ್ಕೋ." ಡೀನಾ ಕಾರು ಶುರುಮಾಡಿದಳು. "ಸಂಸಾರ ಮುರಿಯೋ ಕೆಲಸ ಒಂದನ್ನಾದ್ರೂ ಇಬ್ರೂ ಸೇರಿ ಮಾಡಿದ್ವಿ ಅಂದ್ಕೊಂಡಿದ್ದೆ ಕಣೋ. ಅದೂ ನಿಂದೇ ಆಗೋಯ್ತು."

ಕಾರು ರಸ್ತೆಗಿಳಿದು ಹೋಯಿತು. ಆ ಮಾತು ಕೋಲ್ಬಿಯ ಎದೆಗೇ ನಾಟಿತು. ನಿಂತಲ್ಲೇ ನಿಂತ, ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಆಮೇಲೆ ಸುತ್ತ ಒಮ್ಮೆ ನೋಡಿದ. ಮೇಲೆ ಆಕಾಶ, ಸುತ್ತ ಖಾಲಿ ಪಾರ್ಕಿಂಗ್ ಜಾಗ. ಗೋಡೆಯಿಲ್ಲ, ಬಾಗಿಲಿಲ್ಲ, ಹೊಸ್ತಿಲೂ ಇಲ್ಲ. ಕಣ್ಣೊರೆಸಿಕೊಂಡು, ಮರೆಯುವ ಮುಂಚೆ ಆ ಮಾತನ್ನು ಫೋನಿನಲ್ಲಿ ಬರೆದುಕೊಂಡ.