ಕಾಗದಕ್ಕೆ ಸಾಕಾಗುವ ಗುಂಡು

"ಅದು ಬೇಡ, ಲೋವೆಲ್," ಎಂದಳು ಮಾರ್ಲಿಸ್.

ಲೋವೆಲ್‌ನ ಕೈ ಕಪಾಟಿನಲ್ಲಿದ್ದ ಡಬ್ಬಿಯ ಮೇಲೇ ನಿಂತಿತು. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಈ ಹೆಂಗಸು ಪಿಸ್ತೂಲಿನ ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದು, ಗುಂಡು ತುಂಬಿಕೊಳ್ಳುತ್ತಿದ್ದಳು. ಗಂಡ ಡಾರೆಲ್‌ನ ಹೊಡೆತ ತಾಳಲಾರದೆ ಐಡಾಹೋ ರಾಜ್ಯದ ಈ ಊರಿಗೆ ಓಡಿಬಂದಾಗಿನಿಂದ ಲೋವೆಲ್‌ನ ಅಂಗಡಿಯಲ್ಲಿ ಅವಳು ಕೊಂಡದ್ದು ಒಂದೇ ಬಗೆ: ದಪ್ಪ ತಾಮ್ರದ ಕವಚದ, ತುದಿಯಲ್ಲಿ ಕುಳಿಯಿರುವ, ಮೈ ಹೊಕ್ಕೊಡನೆ ಅರಳಿಕೊಳ್ಳುವ ಗುಂಡು. ಕೊಳ್ಳುವಾಗಲೂ ಓರೆಯಾಗಿ ನಿಂತು, ಕಣ್ಣನ್ನು ಬಾಗಿಲ ಮೇಲೇ ಇಟ್ಟಿರುತ್ತಿದ್ದಳು.

"ಮತ್ಯಾವುದು?"

"ತಾಮ್ರದ ಲೇಪ ಇರೋದು ಕೊಡು. ಅಗ್ಗದ್ದು."

"ಅದು ಕಾಗದಕ್ಕೆ ತೂತು ಹೊಡೆಯೋಕಷ್ಟೇ ಕಣೇ."

"ಕಾಗದಕ್ಕೇ ಹೊಡೀತೀನಿ. ಶನಿವಾರದ ಗುರಿ ಹೊಡೆಯೋ ಪಂದ್ಯಕ್ಕೆ ಹೆಸರು ಕೊಟ್ಟಿದೀನಿ. ನಿನ್ನನ್ನ ಸೋಲಿಸದೆ ಬಿಡಲ್ಲ."

ಲೋವೆಲ್ ನಗಲಿಲ್ಲ. "ಡಾರೆಲ್?" ಎಂದು ಮೆಲ್ಲಗೆ ಕೇಳಿದ.

"ಹೋದ ವಾರ ಸತ್ತ. ಅವನ ತಂಗಿ ಫೋನ್ ಮಾಡಿದ್ಲು."

ಲೋವೆಲ್ ಕಸುಬಿನ ಮಾತಿಗೇ ಜೋತುಬಿದ್ದ. "ಗುಂಡು ಕೂರಿಸೋ ಮುಂಚೆ ಖಾಲಿ ತೋಟಾದ ಬಾಯಿ ಇನ್ನೊಂಚೂರು ಅಗಲಿಸ್ಕೋ. ಈ ಲೇಪ ಬಲು ತೆಳು, ಕೆರೆದು ಹೋಗುತ್ತೆ."

"ಆಯ್ತು ಗುರುವೇ. ಕಾಫಿ ಇದೆಯಾ?"

ಆ ಅಂಗಡಿಯಲ್ಲಿ ಎಂದೂ ಕೂರದವಳು ಸ್ಟೂಲು ಎಳೆದುಕೊಂಡು ಕೂತಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳ ಬೆನ್ನ ಹಿಂದೆ ಬಾಗಿಲಿನ ಗಂಟೆ ಕಿಣಿಕಿಣಿಸಿತು. ಭಾರದ ಬೂಟು ಹಾಕಿದ ಯಾರೋ ಗಂಡಸು ಒಳಗೆ ಬಂದ.

ಮಾರ್ಲಿಸ್ ಕಾಫಿಯನ್ನು ಊದಿಕೊಳ್ಳುತ್ತಲೇ ಇದ್ದಳು.