ಇನ್ನು ಐದೇ ದಿನ

ಗಾಜಿನ ತೊಟ್ಟಿಯೊಳಗೆ ಏನೋ ಅಲ್ಲಾಡಿತು. ಕ್ಲಿನಿಕ್ಕಿನ ಬಾಗಿಲು ತೆಗೆದು ಒಳಗೆ ಕಾಲಿಟ್ಟ ನರ್ಸಮ್ಮನ ಎದೆ ಧಸಕ್ಕೆಂದಿತು. ಎಪ್ಪತ್ತೊಂದು ದಿನದಿಂದ ಬರೀ ಉಪ್ಪುನೀರು, ಕಲ್ಲು ಇದ್ದ ತೊಟ್ಟಿಯಲ್ಲಿ ಅವಳ ಕೇಸರಿ ಮೀನು ಹಾಯಾಗಿ ಓಡಾಡುತ್ತಿತ್ತು!

“ಸಾರ್! ಇದನ್ನ ಯಾರು ಇಲ್ಲಿ ಬಿಟ್ಟಿದ್ದು?”

“ನಾನೇ ಕಣಮ್ಮ, ನಿನ್ನೆ ಸಂಜೆ,” ಎಂದು ಹಲ್ಲಿನ ಡಾಕ್ಟರು ಕೋಟು ತೊಡುತ್ತ ಬಂದರು. “ಖಾಲಿ ತೊಟ್ಟಿ ನೋಡಿ ಮಕ್ಕಳು ಕುರ್ಚಿ ಹತ್ತಲ್ಲ ಅಂತ ರಂಪ ಮಾಡ್ತಾವೆ. ಮೀನು ಗುಂಡುಕಲ್ಲಿನ ಹಾಗಿದೆ, ಮೈಮೇಲೆ ಒಂದು ಚುಕ್ಕೆ ಇಲ್ಲ. ಇನ್ನು ಐದೇ ದಿನ ತಾನೇ? ಅಷ್ಟರಲ್ಲಿ ಏನು ಮುಳುಗಿಹೋಗತ್ತೆ?”

ಅವಳಿಗೆ ಅಳುವೇ ಬಂತು. ಮೈಯೆಲ್ಲ ಬಿಳಿ ಚುಕ್ಕೆಯೆದ್ದು ಐದು ಮೀನುಗಳು ಒಂದೇ ವಾರದಲ್ಲಿ ಸತ್ತಿದ್ದವು. ಉಳಿದ ಇದೊಂದನ್ನು ಎಕ್ಸ್‌ರೇ ಕೋಣೆಯ ಟಬ್ಬಿಗೆ ಹಾಕಿ, ತಾಮ್ರದ ಔಷಧಿಯನ್ನು ಹನಿ ಲೆಕ್ಕದಲ್ಲಿ ಕೊಟ್ಟು, ಹಸುಗೂಸಿನಂತೆ ಉಳಿಸಿಕೊಂಡಿದ್ದಳು. ಇತ್ತ ತೊಟ್ಟಿಯಲ್ಲಿ ಅಡಗಿದ್ದ ಕಣ್ಣಿಗೆ ಕಾಣದ ಹುಳುಗಳು ಕಚ್ಚಲು ಮೀನೇ ಸಿಗದೆ ಉಪವಾಸ ಸಾಯಬೇಕಿತ್ತು. ಅದಕ್ಕೇ ಎಪ್ಪತ್ತಾರು ದಿನ. ಗೋಡೆಯ ಬಿಳಿ ಹಲಗೆಯ ಮೇಲೆ ದಿನವನ್ನು ಅವಳೇ ಬರೆಯುತ್ತಿದ್ದಳು.

ಓಡಿಹೋಗಿ ಬಲೆ ತಂದಳು. ಮೀನನ್ನು ಹೇಗೋ ಟಬ್ಬಿಗೆ ಸಾಗಿಸಿ, ಟಾರ್ಚ್ ಹಾಕಿ, ಹಲ್ಲಿನ ಸಂದಿ ನೋಡುವ ಪುಟ್ಟ ಕನ್ನಡಿಯಲ್ಲಿ ಅದರ ಹೊಟ್ಟೆಯ ಕೆಳಗೆಲ್ಲ ನೋಡಿದಳು. ಡಾಕ್ಟರೂ ಬಗ್ಗಿದರು.

“ಏನೂ ಇಲ್ವಲ್ಲ?”

“ಇವತ್ತೇ ಹೇಗೆ ಕಾಣತ್ತೆ ಸಾರ್? ಚುಕ್ಕೆ ಏಳೋಕೆ ಮೂರ್ನಾಲ್ಕು ದಿನ ಬೇಕು. ಒಂದೇ ಒಂದು ಹುಳ ಬದುಕಿದ್ದು, ರಾತ್ರಿ ಇದರ ಮೈಗೆ ಅಂಟಿಕೊಂಡಿದ್ರೂ ಮುಗೀತು. ಅಯ್ಯೋ, ನನ್ನನ್ನೊಂದು ಮಾತು ಕೇಳಬಾರದಿತ್ತಾ?”

ಡಾಕ್ಟರು ಪೆಚ್ಚಾಗಿ ನಕ್ಕರು. ಅಷ್ಟರಲ್ಲಿ ಮೊದಲ ರೋಗಿ ಬಂದ. ಹೋದ ವಾರ ದವಡೆ ಊದಿಸಿಕೊಂಡು ಬಂದಿದ್ದ ಲಾರಿ ಡ್ರೈವರ್. ಈಗ ಮುಖದಲ್ಲಿ ಕಳೆ ಇತ್ತು.

“ನೋವು ಮಂಗಮಾಯ ಡಾಕ್ಟ್ರೇ! ಅದಕ್ಕೇ ಮಾತ್ರೆ ನಿಲ್ಲಿಸ್ಬಿಟ್ಟೆ. ಇನ್ನು ಐದೇ ಉಳಿದಿತ್ತು.”

ನರ್ಸಮ್ಮ ತಲೆ ತಗ್ಗಿಸಿ ನಿಂತಳು. ಇಂಥ ಮಾತು ಕಿವಿಗೆ ಬಿದ್ದರೆ ಡಾಕ್ಟರು ರೋಗಿಯ ಜನ್ಮ ಜಾಲಾಡುವುದನ್ನು ಹತ್ತು ವರ್ಷದಿಂದ ಕೇಳುತ್ತ ಬಂದಿದ್ದಳು.

ಡಾಕ್ಟರು ಬೈಯಲು ಬಾಯಿ ತೆರೆದರು. ಕಣ್ಣು ಖಾಲಿ ತೊಟ್ಟಿಯ ಮೇಲೆ ಬಿತ್ತು. ಬಾಯಿ ಮುಚ್ಚಿಕೊಂಡು ಗೋಡೆಯ ಹತ್ತಿರ ಹೋದರು, ಎಪ್ಪತ್ತೊಂದನ್ನು ಅಂಗೈಯಿಂದ ಒರೆಸಿದರು, ತಾವೇ ‘ಒಂದು’ ಎಂದು ಬರೆದರು.