ತುಪ್ಪದ ಜಗಳ

ರಕ್ತದ ಕೊಬ್ಬು ಇಳಿಸುವ ಮಾತ್ರೆ ತಿಂದರೆ ತಿಂಗಳಿಗೊಂದು ನೆನಪು ಹೋಗುತ್ತದೆ. ಯಾವುದು ಹೋಗಬೇಕೆಂದು ಮೊದಲೇ ಆಸ್ಪತ್ರೆಯ ನರ್ಸಮ್ಮನ ಹತ್ತಿರ ಬರೆಸಬೇಕು. ಶಾಲೆ, ಈಜು, ಮೊದಲ ಸೈಕಲ್ಲು ಎಲ್ಲ ನಾನು ಕೊಟ್ಟಾಗಿದೆ.

"ನಿಮ್ಮ ಭಾವನ ಜೊತೆಗಿನ ಜಗಳ ಕೊಡಿ ಅಣ್ಣ. ಅವರು ಹೋದ ತಿಂಗಳೇ ಕೊಟ್ಟರು," ಎಂದಳು ನರ್ಸಮ್ಮ.

ನನ್ನ ಮದುವೆಯಲ್ಲಿ ತುಪ್ಪ ಕಡಿಮೆ ಬಡಿಸಿದರೆಂದು ಎಲೆ ಬಿಟ್ಟು ಎದ್ದ ಮನುಷ್ಯ ಅವನು. ಇಪ್ಪತ್ತು ವರ್ಷ ಮಾತಿಲ್ಲ. ಈಗ ಸಾಲಿನಲ್ಲಿ ನನ್ನ ಹಿಂದೆಯೇ ನಿಂತು ನಗುತ್ತಿದ್ದ.

"ಸಂಜೆ ಊಟಕ್ಕೆ ಬಾರಯ್ಯ. ನಿಮ್ಮಕ್ಕ ಕೇಳ್ತಿರ್ತಾಳೆ. ಯಾಕೆ ಮನೆ ಕಡೆ ಬರೋದೇ ಬಿಟ್ಟೆ?"

ನನಗೆ ಮೈ ಉರಿಯಿತು. ನನ್ನನ್ನು ಒಂದು ಮಾತೂ ಕೇಳದೆ ಕೊಟ್ಟುಬಿಟ್ಟಿದ್ದಾನೆ.

"ತುಪ್ಪದ ರುಚಿ ಬರ್ಕೊಳ್ಳಮ್ಮ," ಎಂದೆ. "ಜಗಳ ಕೊಡಲ್ಲ. ಇಬ್ಬರಲ್ಲಿ ಒಬ್ಬನಾದರೂ ನೆನಪಿಟ್ಕೋಬೇಕಲ್ಲ."